ಬೀಗರೂಟಕ್ಕೆ ತಗೋ ರೊಟ್ಟಿ

ನಾನು ಮದುವೆಯಾಗಿ ದೇವನಹಳ್ಳಿ ಹತ್ತಿರದ ಆ ಮನೆಗೆ ಬಂದದ್ದು ಯುದ್ಧದ ಕಾಲದಲ್ಲಿ. ಅಕ್ಕಿ ರೇಷನ್ನಿಗೆ ಬಂದಿತ್ತು. ಬೆಳೆದ ರಾಗಿಯಲ್ಲಿ ಸರ್ಕಾರಕ್ಕೆ ಲೆವಿ ಅಳೆದುಕೊಟ್ಟ ಮೇಲೆ ಉಳಿದದ್ದರಲ್ಲೇ ಮುಂದಿನ ಸುಗ್ಗಿಯವರೆಗೆ ಮನೆ ನಡೆಯಬೇಕು. ಅಕ್ಕಿ ಸಾಲದೆ ಹೋದಾಗ ಡಿಪೋದವರು ಅದರ ಬದಲಿಗೆ ಒಣಗಿದ ಮುಸುಕಿನ ಜೋಳ ಅಳೆದು ಕೊಡುತ್ತಿದ್ದರು. ಎಳೆಯ ತೆನೆಯನ್ನು ಕೆಂಡದಲ್ಲಿ ಸುಟ್ಟು ತಿನ್ನುವುದು ನಮಗೆ ಗೊತ್ತಿತ್ತು. ಕಲ್ಲಿನಂತಿದ್ದ ಈ ಹಳದಿ ಕಾಳನ್ನು ಏನು ಮಾಡಬೇಕೆಂದು ಊರಿನಲ್ಲಿ ಯಾರಿಗೂ ತಿಳಿದಿರಲಿಲ್ಲ. ಬೀಸಿ ಹಿಟ್ಟು ಮಾಡಿದರೆ ಮುದ್ದೆ ಕಟ್ಟುತ್ತಿರಲಿಲ್ಲ. ರೊಟ್ಟಿ ತಟ್ಟಿದರೆ ಹೆಂಚಿನ ಮೇಲೇ ಚೂರುಚೂರು. ಕಡೆಗೆ ಅತ್ತೆ ಅದನ್ನು ನೆನೆಸಿ ಎಮ್ಮೆಗೆ ಇಡುತ್ತಿದ್ದರು. ಮಿಕ್ಕದ್ದು ಮೂಟೆಯಲ್ಲೇ ಇರುತ್ತಿತ್ತು.

ನಾನು ಹೊಸಕೋಟೆ ಕಡೆಯವಳು. ಆ ಮನೆಯಲ್ಲಿ ಅತ್ತೆ, ಮಾವ, ಮಾವನ ತಾಯಿ ಅಜ್ಜಿ, ನನ್ನ ಗಂಡ, ಮದುವೆ ವಯಸ್ಸಿಗೆ ಬಂದಿದ್ದ ನಾದಿನಿ. ನಾನು ಬಂದು ವರ್ಷವಾಗಿತ್ತಾದರೂ ಅಡುಗೆಮನೆಯಲ್ಲಿ ನನಗೆ ಒಲೆ ಸಿಕ್ಕಿರಲಿಲ್ಲ. ನೀರು ತರುವುದು, ಸೊಪ್ಪು ಸೋಸುವುದು, ರುಬ್ಬುವುದು ನನ್ನ ಪಾಲು. ಉಪ್ಪು ಹಾಕುವುದು ಮಾತ್ರ ಅತ್ತೆಯೇ. ಅವರು ಕೆಟ್ಟವರಲ್ಲ. ಮನೆಗೆ ಬಂದವರ ಎಲೆಯಲ್ಲಿ ಒಂದು ಹೆಚ್ಚುಕಡಿಮೆಯಾದರೂ ವಾರವಿಡೀ ಅದಕ್ಕೇ ಕೊರಗುವ ಹೆಂಗಸು, ಅಷ್ಟೇ.

ವೈಶಾಖದಲ್ಲಿ ನಾದಿನಿಯ ಮದುವೆ ಆಯಿತು. ಗಂಡು ತೂಬಗೆರೆ ಕಡೆಯವನು. ಕೂಡಿಟ್ಟಿದ್ದ ಅಕ್ಕಿಯೆಲ್ಲ ಧಾರೆಯ ದಿನದ ಊಟಕ್ಕೇ ಮುಗಿದುಹೋಯಿತು. ಇನ್ನು ಬೀಗರೂಟ ಉಳಿದಿತ್ತು. ಮದುವೆಯಾದ ಮೇಲೆ ಗಂಡಿನ ಕಡೆಯವರನ್ನೆಲ್ಲ ಕರೆದು ಹೆಣ್ಣಿನ ಮನೆಯವರು ಹಾಕುವ ಬಾಡೂಟ ಅದು. ಅದರಲ್ಲಿ ಕೊರತೆಯಾದರೆ ಮಗಳು ಆ ಮನೆಯಲ್ಲಿ ಮಾತು ಕೇಳಬೇಕಾಗುತ್ತದೆ ಎಂಬುದು ಅತ್ತೆಯ ಹೆದರಿಕೆ. ಕುರಿಗಳಿದ್ದವು, ಈರುಳ್ಳಿ ಮೆಣಸಿನಕಾಯಿ ಇತ್ತು, ತೋಟದಲ್ಲಿ ಚಕ್ಕೋತ ಹಣ್ಣು ತೂಗುತ್ತಿತ್ತು. ಆದರೆ ಅನ್ನಕ್ಕೆ ಅಕ್ಕಿಯಿಲ್ಲ. ಅಷ್ಟು ಜನಕ್ಕೆ ಮುದ್ದೆ ಹಾಕಿದರೆ ಆಮೇಲೆ ಮನೆಯವರಿಗೆ ರಾಗಿಯಿಲ್ಲ.

"ಬಾಡು ಬಡಿಸಿ, ಜೊತೆಗೆ ಏನ್ ಇಕ್ಕಾದು? ಬರೀ ಎಲೆ ತೋರ್ಸಾದಾ?" ಎಂದು ಅತ್ತೆ ಮಾವನನ್ನು ಕೇಳಿದರು.

"ನೋಡಾನ ಸುಮ್ಕಿರು" ಎಂದರು ಮಾವ.

ಬೀಗರೂಟಕ್ಕೆ ಇನ್ನು ಕೆಲವೇ ದಿನವಿದೆ ಎನ್ನುವಾಗ ಬಳ್ಳಾರಿ ರಸ್ತೆಯಲ್ಲಿ, ನಮ್ಮ ಚಕ್ಕೋತ ತೋಟದ ಎದುರಿಗೇ ಮಿಲಿಟರಿ ಲಾರಿಯೊಂದು ಕೆಟ್ಟು ನಿಂತಿತು. ಆಗೆಲ್ಲ ಬೆಂಗಳೂರಿನಲ್ಲಿ ಅಮೆರಿಕದ ಸೋಲ್ಜರುಗಳು ಬೀಡುಬಿಟ್ಟಿದ್ದರು. ಲಾರಿಯಲ್ಲಿದ್ದವರು ಇಬ್ಬರು: ಒಬ್ಬ ಸೋಲ್ಜರು, ಇನ್ನೊಬ್ಬ ಬೆಂಗಳೂರಿನ ದಂಡು ಪ್ರದೇಶದ ತಮಿಳು ಡ್ರೈವರ್. ಯಾವುದೋ ಸಾಮಾನು ಬೆಂಗಳೂರಿನಿಂದ ಬರುವ ತನಕ ಕಾಯಬೇಕೆಂದು ಅವರು ತೋಟದ ನೆರಳಲ್ಲೇ ಉಳಿದರು. ಮಾವ ಅವರಿಗೆ ಮಜ್ಜಿಗೆ ಕಳಿಸಿದರು. ಸಂಜೆ ಚೊಂಬು ವಾಪಸು ಕೊಡುವ ನೆಪದಲ್ಲಿ ಇಬ್ಬರೂ ಮನೆಯ ಜಗಲಿಗೆ ಬಂದರು.

ಸೋಲ್ಜರು ಎಂದರೆ ಕೆಂಪು ಮುಖ, ಬೆಕ್ಕಿನ ಕಣ್ಣು ಎಂದುಕೊಂಡಿದ್ದೆ. ಈ ಹುಡುಗನದು ನಮ್ಮ ಬಣ್ಣ, ನಮ್ಮದೇ ಕಪ್ಪು ಕೂದಲು. ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿ, "ಇವ್ನು ನಮ್ಮೋರ ಥರಾನೇ ಅವ್ನಲ್ಲ, ಯಾವೂರಂತೆ ಕೇಳಪ್ಪ" ಎಂದರು.

ಡ್ರೈವರ್ ಕೇಳಿ ಹೇಳಿದ. "ಅಮೆರಿಕಾನೇ ಅಮ್ಮಾ. ಆದ್ರೆ ಇವರ್ದು ಅಪ್ಪ ಅಮ್ಮ ಮೆಕ್ಸಿಕೋ ಅನ್ನೋ ದೇಶದಿಂದ ಬಂದವರಂತೆ. ಅಲ್ಲೂ ನಮ್ದು ಥರಾ ಬಿಸಿಲು, ನಮ್ದು ಥರಾ ಖಾರ."

ನಾನು ಅಂಗಳದಲ್ಲಿ ಎಮ್ಮೆಗೆಂದು ಮುಸುಕಿನ ಜೋಳ ಹರವಿದ್ದೆ. ಆ ಹುಡುಗ ಅದನ್ನು ಕಂಡವನೇ ಕುಕ್ಕುರುಗಾಲಲ್ಲಿ ಕೂತು ಒಂದು ಹಿಡಿ ಎತ್ತಿಕೊಂಡು ಮೂಸಿದ. ಏನೋ ಕೇಳಿದ. ಡ್ರೈವರ್ ನನ್ನತ್ತ ತಿರುಗಿ, "ಇದರಲ್ಲಿ ಏನು ಮಾಡ್ತೀರಿ ಅಂತಾ ಕೇಳ್ತಾರೆ" ಎಂದ.

ನಾನು ಎಮ್ಮೆಯ ಕಡೆ ಕೈ ತೋರಿಸಿದೆ. ಆ ಹುಡುಗ ನಕ್ಕುಬಿಟ್ಟ. ಆಮೇಲೆ ಎರಡೂ ಅಂಗೈ ತಟ್ಟಿ ರೊಟ್ಟಿ ಮಾಡುವಂತೆ ಅಭಿನಯಿಸಿದ. ನಾನು ತಲೆಯಾಡಿಸಿ, "ಒಡೆದು ಹೋಗ್ತದೆ ಅಂತ ಹೇಳಣ್ಣ" ಎಂದೆ. ಅವನು ಮತ್ತೇನೋ ಹೇಳಿದ; ಬಿಳಿಯದು ಬೇಕು, ಪುಡಿಯಂಥದು ಬೇಕು ಎಂದು ಕೈಸನ್ನೆ ಮಾಡಿದ. ಡ್ರೈವರ್‌ಗೂ ಆ ಮಾತು ಅರ್ಥವಾಗಲಿಲ್ಲ. ಅತ್ತೆ ಒಳಗಿನಿಂದ ಉಪ್ಪು ತಂದರು. ಅಲ್ಲ ಎಂದ. ಮಾವ ರಾಗಿ ಹಿಟ್ಟು ತೋರಿಸಿದರು. ಅದೂ ಅಲ್ಲ.

ಅಷ್ಟು ಹೊತ್ತಿಗೆ ಅಜ್ಜಿ ಮಾತು ಕೇಳುತ್ತಲೇ ವೀಳ್ಯದೆಲೆಗೆ ಸುಣ್ಣ ಸವರುತ್ತಿದ್ದರು. ಅವನು ಆ ಡಬ್ಬಿಯ ಕಡೆ ಬೆರಳು ಮಾಡಿದ. ಎಲೆಯಡಿಕೆ ಕೇಳುತ್ತಿದ್ದಾನೆ ಎಂದುಕೊಂಡ ಅಜ್ಜಿ ಸೊಗಸಾಗಿ ಒಂದು ಎಲೆ ಮಡಿಸಿ ಕೊಟ್ಟರು. ಪಾಪ, ಬೇಡ ಎನ್ನಲಾರದೆ ಅವನು ಅದನ್ನು ಬಾಯಿಗೆ ಹಾಕಿಕೊಂಡು ಅಗಿದ. ಕಣ್ಣಲ್ಲಿ ನೀರು ಬಂತು. ಎಲ್ಲ ಅಗಿದು ಮುಗಿಸಿ, ಕಣ್ಣೊರೆಸಿಕೊಂಡು, ಮತ್ತೆ ಸುಣ್ಣದ ಡಬ್ಬಿಯನ್ನೇ ತೋರಿಸಿದ. ಆಗ ಡ್ರೈವರ್‌ಗೆ ಹೊಳೆಯಿತು. "ಸುಣ್ಣ ಹಾಕಿ ಜೋಳ ಬೇಯಿಸಬೇಕಂತೆ ಅಮ್ಮಾ."

"ಸುಣ್ಣ ಹಾಕಿದ್ ಕಾಳು ತಿಂದ್ರೆ ಕರುಳು ಸುಟ್ಟೋಗಲ್ವಾ?" ಎಂದು ಅತ್ತೆ ಒಪ್ಪಲೇ ಇಲ್ಲ.

"ನಾನ್ ಹುಟ್ದಾಗ್ಲಿಂದ ಸುಣ್ಣ ತಿಂತಾ ಇದೀನಿ, ಇನ್ನೂ ಇದೀನಲ್ಲ" ಎಂದರು ಅಜ್ಜಿ. "ಒಂದ್ ಸೇರು ಹೋದ್ರೆ ಹೋಗ್ಲಿ. ಹೆಂಗೂ ಎಮ್ಮೆಗ್ ಇಕ್ಕೋದು ತಾನೆ."

ಮಡಕೆಯಲ್ಲಿ ನೀರು ಕಾಯಿಸಿ, ಸುಣ್ಣ ಕದಡಿ, ಕಾಳು ಹಾಕಿ ಕುದಿಸಿದೆವು. ಕಾಳಿನ ಬಣ್ಣ ಗಾಢವಾಯಿತು. ಹಾಗೇ ಮುಚ್ಚಿಟ್ಟು ಬೆಳಗಿನವರೆಗೆ ಬಿಡಬೇಕೆಂದು ಹೇಳಿ ಅವನು ಲಾರಿಯ ಹತ್ತಿರ ಮಲಗಲು ಹೋದ.

ಬೆಳಿಗ್ಗೆ ನೀರು ಬಸಿದು ಕಾಳು ಉಜ್ಜಿದೆ. ನೆನೆಸಿದ ಅವರೆಕಾಳು ಹಿತಕಿದರೆ ಸಿಪ್ಪೆ ಜಾರುತ್ತದಲ್ಲ, ಹಾಗೆ ಸಿಪ್ಪೆ ಜಾರಿ ಕೈಗೆ ಬಂತು. ಹಲವು ನೀರಲ್ಲಿ ತೊಳೆದು ಒರಳಿಗೆ ಹಾಕಿ ರುಬ್ಬಿದಾಗ ಮೂಗಿಗೆ ಬಂದ ವಾಸನೆ ನನಗೆ ಇನ್ನೂ ನೆನಪಿದೆ. ಮಳೆ ಹನಿದ ಮಣ್ಣಿಗೂ ಸುಟ್ಟ ತೆನೆಗೂ ನಡುವಿನ ವಾಸನೆ. ಹಿಟ್ಟು ಮೆತ್ತಗೆ ಅಂಟಾಗಿ ಒಂದೇ ಮುದ್ದೆಯಾಗಿ ನಿಂತಿತು. ನಿನ್ನೆಯವರೆಗೆ ಚೂರಾಗುತ್ತಿದ್ದ ಕಾಳು ಇದೇ ಎಂದು ನಂಬುವುದು ಕಷ್ಟವಾಗಿತ್ತು.

ಆ ಹುಡುಗ ಒಂದು ಉಂಡೆ ತೆಗೆದುಕೊಂಡು ಅಂಗೈಯಲ್ಲೇ ತಟ್ಟಿದ. ಅವನದು ಸೊಟ್ಟಗಾಯಿತು. ನಾನು ಬಾಳೆಲೆಯ ತುಂಡಿನ ಮೇಲೆ ತಟ್ಟಿದೆ, ದುಂಡಗೆ ತೆಳ್ಳಗೆ ಬಂತು. ಅವನು ತಾನು ತಟ್ಟಿದ್ದನ್ನು ಮತ್ತೆ ಉಂಡೆ ಮಾಡಿ ನನ್ನ ಮುಂದೆ ಇಟ್ಟು ಕೈ ತೊಳೆದುಕೊಂಡ. ಹೆಂಚಿನ ಮೇಲೆ ರೊಟ್ಟಿ ಉಬ್ಬಿತು. ಮಡಿಸಿದರೂ ಒಡೆಯಲಿಲ್ಲ. ಮನೆಯಲ್ಲಿದ್ದ ಅಲಸಂದೆ ಕಾಳಿನ ಪಲ್ಯವನ್ನು ಅದರೊಳಗಿಟ್ಟು, ಮೇಲೆ ಹಸಿ ಈರುಳ್ಳಿ ಉದುರಿಸಿ, ಮಡಿಸಿ, ಮೊದಲನೆಯದನ್ನು ಅಜ್ಜಿಗೆ ಕೊಡುತ್ತಾ ಅವನು "ಟಾಕೋ" ಎಂದ.

"ತಗೋ ಅಂತವ್ನೆ" ಎಂದು ಅಜ್ಜಿ ಸಂತೋಷದಿಂದ ಕೈ ಚಾಚಿದರು. "ಕನ್ನಡ ಕಲ್ತ್‌ಬಿಟ್ಟವ್ನಲ್ಲ ಇಷ್ಟ್ರಲ್ಲೇ."

ಡ್ರೈವರ್ ಎಷ್ಟು ಹೇಳಿದರೂ ಅದು ತಿಂಡಿಯ ಹೆಸರೆಂದು ಅಜ್ಜಿ ಒಪ್ಪಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಅದು ತಗೋ ರೊಟ್ಟಿ.

ಅವನೂ ಒಂದು ತಿಂದ. ತಿಂದಾದ ಮೇಲೆ ಗೋಡೆಗೆ ಒರಗಿ ಬಹಳ ಹೊತ್ತು ಒಲೆಯ ಕಡೆ ನೋಡುತ್ತಾ ಕೂತಿದ್ದ. "ಮನೆ ಬಿಟ್ಟು ತುಂಬಾ ದಿನ ಆಯ್ತಂತೆ" ಎಂದಷ್ಟೇ ಡ್ರೈವರ್ ಹೇಳಿದ. ಅತ್ತೆ ಎದ್ದು ಹೋಗಿ ಅವನಿಗೆ ಇನ್ನೆರಡು ರೊಟ್ಟಿಗೆ ತುಪ್ಪ ಸವರಿಕೊಂಡು ಬಂದರು. ಹಿಂದಿನ ದಿನ ಸೋಲ್ಜರೆಂದು ಹೆದರಿ ಬಾಗಿಲ ಸಂದಿಯಿಂದ ನೋಡುತ್ತಿದ್ದವರು ಅವರೇ.

ಮಧ್ಯಾಹ್ನ ಸಾಮಾನು ಬಂತು, ಲಾರಿ ಸರಿಹೋಯಿತು. ಮಾವ ಒಂದು ಚೀಲ ಚಕ್ಕೋತ ಹಣ್ಣು ಲಾರಿಗೆ ಹಾಕಿಸಿದರು. ಅವನು ಹೋದ ಮೇಲೆ ಅವನ ಸುದ್ದಿ ನಮಗೆ ಮತ್ತೆ ಬರಲಿಲ್ಲ.

ಅಂದು ಸಂಜೆ ಅತ್ತೆ ಮಾವನ ಹತ್ತಿರ, "ಆ ರೊಟ್ಟಿ ಬೀಗ್ರಿಗೆ ಇಕ್ಕಿದ್ರೆ ಹೆಂಗೆ?" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನಿಂಗೆ ಅದ ಅಷ್ಟ್ ಜನಕ್ ಮಾಡಕ್ ಆಯ್ತದಾ?" ಎಂದು ಕೇಳಿದರು.

ಒಂದು ಸೇರು ಕಾಳಿನಲ್ಲಿ ಒಂದು ಸಲ ಮಾಡಿದ್ದೆ, ಅಷ್ಟೇ. ಆದರೂ "ಆಯ್ತದೆ ಅತ್ತೆ" ಎಂದುಬಿಟ್ಟೆ.

ನನ್ನ ಗಂಡ ಸೈಕಲ್ ಹತ್ತಿ ಹತ್ತಿರದ ವಿಜಯಪುರದ ಸಂತೆಗೆ ಹೋಗಿ ತಿನ್ನುವ ಸುಣ್ಣ ತಂದರು. ಮದುವೆಗೆ ಗೋಡೆ ಬಳಿದ ಸುಣ್ಣ ಮನೆಯಲ್ಲೇ ಇತ್ತು, ಅದನ್ನು ಮುಟ್ಟಕೂಡದೆಂದು ಅಜ್ಜಿ ಕಟ್ಟಪ್ಪಣೆ ಮಾಡಿದ್ದರು. ಡಿಪೋ ಕಾಳು ನಮ್ಮಲ್ಲಿದ್ದದ್ದು ಸಾಲದೆಂದು ಅಕ್ಕಪಕ್ಕದ ಮನೆಗಳಲ್ಲಿ ಕೇಳಿದೆವು. ಬೀಗರಿಗೆ ಈ ಕಾಳಿಡುತ್ತಾರಂತೆ ಎಂದು ಮೂಗು ಮುರಿದರೂ ಎಲ್ಲರೂ ಕೊಟ್ಟರು. ಸ್ನಾನದ ನೀರು ಕಾಯಿಸುವ ತಾಮ್ರದ ಹಂಡೆಯನ್ನು ಹೊಳೆಯುವಂತೆ ಬೆಳಗಿದೆವು. ಅಷ್ಟರಲ್ಲಿ ಅಜ್ಜಿ ಬಂದು, ತಾಮ್ರಕ್ಕೆ ಸುಣ್ಣ ಬೇಡವೆಂದು ಬೈದು ಮಣ್ಣಿನ ದೊಡ್ಡ ಗುಡಾಣಗಳನ್ನು ಇಡಿಸಿದರು.

ಬೀಗರೂಟದ ಬೆಳಿಗ್ಗೆ ಬೀದಿಯ ಹೆಂಗಸರೆಲ್ಲ ಒರಳಿಗೆ ಬಂದರು. ಒಬ್ಬರು ರುಬ್ಬಿ ಸುಸ್ತಾದರೆ ಇನ್ನೊಬ್ಬರು. ಅಂಗಳದಲ್ಲಿ ಸಾಲಾಗಿ ಕಲ್ಲಿನ ಒಲೆ ಹೂಡಿದರು. ಮೊದಲ ಗುಡಾಣದ ಹಿಟ್ಟು ನೀರಾಯಿತು. ರೊಟ್ಟಿ ಎಲೆಗೇ ಅಂಟಿಕೊಂಡಿತು. ಅತ್ತೆ ಏನಾದರೂ ಅಂದಾರೆಂದು ನೋಡಿದೆ. ಅವರು ಬಂದು ಹಿಟ್ಟು ಮುಟ್ಟಿ ನೋಡಿ, ತೆಳ್ಳನೆಯ ಬಟ್ಟೆಯಲ್ಲಿ ಅದನ್ನು ಕಟ್ಟಿ ಅಡ್ಡ ಇಟ್ಟ ಒನಕೆಗೆ ತೂಗುಹಾಕಿದರು. "ನೀರು ಇಳೀಲಿ, ಅಷ್ಟ್ರಲ್ಲಿ ಎರಡ್ನೇದ್ ರುಬ್ಸು. ಗಾಬ್ರಿ ಆಗ್ಬೇಡ" ಎಂದರು. ಎರಡನೆಯದು ಹದವಾಗಿ ಬಂತು.

ಕುರಿಬಾಡನ್ನು ಸಣ್ಣಗೆ ಕೊಚ್ಚಿ, ಸಾರು ಮಾಡದೆ ಒಣಮೆಣಸಿನಕಾಯಿ, ಕೊತ್ತಂಬರಿ, ಬೆಳ್ಳುಳ್ಳಿ ಹಾಕಿ ಗಟ್ಟಿಯಾಗಿ ಹುರಿದೆವು. ಹುಣಿಸೆಗೆ ಬದಲು ಚಕ್ಕೋತದ ತೊಳೆ ಬಿಡಿಸಿ ಹಸಿಮೆಣಸಿನಕಾಯಿ, ಈರುಳ್ಳಿ, ಉಪ್ಪು ಬೆರೆಸೋಣ ಎಂದದ್ದು ನಾನು. ರುಚಿ ನೋಡಿದ ಅತ್ತೆ ಇನ್ನಷ್ಟು ಉಪ್ಪು ಬೇಕೆಂದರು. ಹಾಕಲಿ ಎಂದು ಕಾದೆ. "ನೀನೇ ಹಾಕು" ಎಂದು ಉಪ್ಪಿನ ಮರಿಗೆಯನ್ನು ನನ್ನ ಕಡೆ ಸರಿಸಿದರು.

ಗಾಡಿಗಳಲ್ಲಿ ಬೀಗರು ಬಂದರು. ನಾದಿನಿ ಹೊಸ ಸೀರೆಯುಟ್ಟು ಅತ್ತೆ ಮನೆಯವರ ನಡುವೆ ಕೂತಳು. ಮುತ್ತುಗದ ಎಲೆಗೆ ರೊಟ್ಟಿ, ಬಾಡು, ಚಕ್ಕೋತ ಬಂದಾಗ ಗಂಡಿನ ಸೋದರಮಾವ ಕೈ ಹಿಂದಕ್ಕೆ ತೆಗೆದುಕೊಂಡರು. ದೊಡ್ಡ ಮೀಸೆಯ, ಮಾತು ಕಡಿಮೆಯ ಮನುಷ್ಯ.

"ಏನ್ ಬೀಗ್ರೇ, ಮುದ್ದೆ ಎಲ್ಲಿ? ಅನ್ನ ಎಲ್ಲಿ?" ಎಂದು ಕೇಳಿದರು.

ಮಾವ ಎದ್ದು ಬಂದು ಕೈಮುಗಿದರು. "ಇದ್ದಿದ್ರೆ ಮುಚ್ಚಿಡ್ತಿರ್ಲಿಲ್ಲ. ಕಾಲ ಹೆಂಗೈತೆ ನಿಮ್ಗೂ ಗೊತ್ತು. ಇದು ಡಿಪೋ ಜೋಳ. ಮನೆ ಹೆಣ್ಮಕ್ಳು ಕಷ್ಟಪಟ್ಟು ಮಾಡವ್ರೆ. ಒಂದ್ ತುತ್ತು ನೋಡಿ ಆಮೇಲೆ ಹೇಳಿ."

ಆತ ಇನ್ನೂ ಎಲೆ ಮುಟ್ಟಲಿಲ್ಲ. ಆಗ ನಾದಿನಿ ಕೂತಲ್ಲಿಂದ ಎದ್ದಳು. ಮದುವೆಯಲ್ಲಿ ತಲೆಯೆತ್ತದಿದ್ದ ಹುಡುಗಿ ಎಲ್ಲರ ಎದುರಿಗೆ ಒಂದು ರೊಟ್ಟಿ ತೆಗೆದುಕೊಂಡು, ಬಾಡು ಇಟ್ಟು, ಮೇಲೆ ಚಕ್ಕೋತ ಹಾಕಿ ಮಡಿಸಿ ತನ್ನ ಹೊಸ ಅತ್ತೆಯ ಕೈಗೆ ಕೊಟ್ಟಳು. "ತಗೊಳ್ಳಿ ಅತ್ತೆ, ಹಿಂಗೇ ಕಚ್ಚಬೇಕು" ಎಂದಳು.

ಬೀಗಿತ್ತಿ ಕಚ್ಚಿದರು. ರಸ ಮೊಣಕೈವರೆಗೆ ಇಳಿಯಿತು. ಅವರು ಸೆರಗಿನಲ್ಲಿ ಒರೆಸಿಕೊಂಡು ಎಲ್ಲ ತಿಂದು, "ಇನ್ನೊಂದ್ ಮಡ್ಸಿ ಕೊಡು" ಎಂದರು. ಪಕ್ಕದವರು ನಕ್ಕರು, ನಕ್ಕವರು ತಾವೂ ಮಡಿಸಿದರು. ಸ್ವಲ್ಪ ಹೊತ್ತಿಗೆ ಅಂಗಳಕ್ಕೆ ರೊಟ್ಟಿ ಒದಗಿಸುವುದೇ ಕಷ್ಟವಾಯಿತು. ಆ ಸೋದರಮಾವ ಎಷ್ಟು ತಿಂದರೋ ನೋಡಲು ನನಗೆ ಪುರುಸೊತ್ತಿರಲಿಲ್ಲ. ಹೊರಡುವಾಗ ಅವರು ಒಲೆಯ ಹತ್ತಿರ ಬಂದು ನಿಂತು, "ನಮ್ಮೂರ್ ಡಿಪೋದಲ್ಲೂ ಇದೇ ಕೊಡ್ತಾರೆ. ಹೆಂಗ್ ಮಾಡೋದು ಅಂತ ನಮ್ಮನೆಯೋಳ್ಗೂ ಹೇಳ್ಕೊಡಮ್ಮ" ಎಂದರು. ಆತನ ಹೆಂಡತಿ ಹಿಂದೆಯೇ ನಿಂತು ನಗುತ್ತಿದ್ದರು.

ಗಾಡಿಗಳು ಹೋದ ಮೇಲೆ ನಾವು ಕೆಲಸ ಮಾಡಿದವರು ಕೂತೆವು. ಬಾಡು ಖಾಲಿಯಾಗಿತ್ತು. ತಳದಲ್ಲಿ ಸ್ವಲ್ಪ ಹಿಟ್ಟು, ಒಂದಿಷ್ಟು ಚಕ್ಕೋತ. ನಾನು ತಟ್ಟಲು ಹೋದರೆ ಅತ್ತೆ ನನ್ನ ಕೈಯಿಂದ ಹಿಟ್ಟು ಕಿತ್ತುಕೊಂಡು, "ನೀ ಕೂತ್ಕೋ" ಎಂದರು. ಅವರೇ ಬೇಯಿಸಿ ನನ್ನ ಎಲೆಗೆ ಹಾಕಿದರು. ಆ ಮನೆಯಲ್ಲಿ ನಾನು ಕೂತು, ಅತ್ತೆ ಬಡಿಸಿದ್ದು ಅದೇ ಮೊದಲು. ಚಕ್ಕೋತ ಇಟ್ಟು ಮಡಿಸಿಕೊಂಡು ತಿಂದೆ.

ಆಮೇಲೆ ಊರಿನಲ್ಲಿ ಯಾರೂ ಆ ಕಾಳನ್ನು ಎಮ್ಮೆಗೆ ಇಡಲಿಲ್ಲ. ಮುಂಗಾರಿಗೆ ಮಾವ ತೋಟದ ಬದುವಿನಲ್ಲಿ ಒಂದು ಪಟ್ಟೆ ಮುಸುಕಿನ ಜೋಳ ಹಾಕಿಯೂ ನೋಡಿದರು, ಚೆನ್ನಾಗಿಯೇ ಬಂತು.

ಗೌರಿ ಹಬ್ಬಕ್ಕೆ ನಾದಿನಿ ತವರಿಗೆ ಬಂದಳು. ಮೈಕೈ ತುಂಬಿಕೊಂಡಿದ್ದಳು. ಅವರ ಮನೆಯಲ್ಲಿ ಕಳೆ ತೆಗೆಯಲು ಆಳುಗಳು ಬಂದಾಗ ಊಟದ ಹೊಣೆಯನ್ನೆಲ್ಲ ಇವಳಿಗೇ ವಹಿಸಿದ್ದರಂತೆ. ಹೊಲದ ಬದುವಿನಲ್ಲಿ ನಿಂತು ತಗೋ ರೊಟ್ಟಿ ಮಡಿಸಿ ಮಡಿಸಿ ಕೊಟ್ಟಳಂತೆ.

"ಹೆದ್ರಿಕೆ ಆಗ್ಲಿಲ್ವಾ?" ಎಂದು ಕೇಳಿದೆ.

"ಆಯ್ತು ಅತ್ಗೆ. ಮೊದಲ್ನೇ ಹಿಟ್ಟು ನೀರಾಗೋಯ್ತು" ಎಂದಳು. "ಬಟ್ಟೇಲಿ ಕಟ್ಟಿ ತೂಗಾಕ್ದೆ."

ಅತ್ತೆ ಒಳಗಿನಿಂದ ಅದನ್ನು ಕೇಳಿಸಿಕೊಂಡು ಜೋರಾಗಿ ನಕ್ಕರು. ಆಮೇಲೆ ಮೂವರೂ ಹಬ್ಬದ ಕಡುಬಿಗೆ ಕಾಯಿ ತುರಿಯಲು ಕೂತೆವು.