ಲಿವರಿಗೊಂದು ಗಾದೆಯಿಲ್ಲ

ಪಾಠ ಕೇಳುತ್ತಾ ತೂಕಡಿಸುವ ವಿದ್ಯೆಯನ್ನು ನಾನು ಫಾರ್ಮಸಿ ಓದುವಾಗಲೇ ಕಲಿತವನು. ಓದಿದ್ದರಲ್ಲಿ ಎಷ್ಟೋ ಮರೆತುಹೋಗಿದೆ, ಇದೊಂದು ಮಾತ್ರ ಚೆನ್ನಾಗಿ ಉಳಿದುಕೊಂಡಿದೆ. ಆದ್ದರಿಂದ, ಔಷಧಿ ಅಂಗಡಿಯವರಿಗೆ ಮಣಿಪಾಲದಲ್ಲಿ ಒಂದು ದಿನದ ತರಬೇತಿ, ವಿಷಯ ಲಿವರಿನ ಕಾಯಿಲೆ ಮತ್ತು ಅದನ್ನು ತಡೆಯುವ ಬಗೆ ಎಂದು ಕರೆ ಬಂದಾಗ, ಕಾಪುವಿನ ನನ್ನ ಅಂಗಡಿಗೆ ಬಾಗಿಲು ಹಾಕಿ ಹೊರಟದ್ದು ಜ್ಞಾನದಾಹದಿಂದಲ್ಲ. ನನ್ನ ಭಾವ ತೀರಿಕೊಂಡದ್ದು ಅದೇ ಕಾಯಿಲೆಯಿಂದ.

ಬಸ್ಸಿನಲ್ಲಿ ಕೂತು ಯೋಚಿಸಿದೆ. ಒಳಗಿನ ಅಂಗಾಂಗಗಳ ಮಟ್ಟಿಗೆ ನಮ್ಮ ಕನ್ನಡ ಸ್ವಲ್ಪ ಪಕ್ಷಪಾತಿ. ಅಸೂಯೆಯಾದರೆ ಹೊಟ್ಟೆ ಉರಿಯುತ್ತದೆ, ಕನಿಕರವಾದರೆ ಕರುಳು ಚುರ್ರೆನ್ನುತ್ತದೆ, ಹೆದರಿದರೆ ಎದೆ ಹೊಡೆದುಕೊಳ್ಳುತ್ತದೆ, ಸಿಟ್ಟು ಬಂದರೆ ಪಿತ್ತ ನೆತ್ತಿಗೇರುತ್ತದೆ. ಆ ಪಿತ್ತವನ್ನು ಹಗಲಿರುಳು ತಯಾರಿಸುವ ಯಕೃತ್ತಿಗೆ ಮಾತ್ರ ನನಗೆ ಗೊತ್ತಿದ್ದಂತೆ ಒಂದು ಗಾದೆಯೂ ಇಲ್ಲ. ಯಕೃತ್ತು ಎಂದರೆ ಅಂಗಡಿಗೆ ಬಂದವರು ಕಣ್ಣು ಕಣ್ಣು ಬಿಡುತ್ತಾರೆ. ಲಿವರ್ ಎಂದರೆ ಎಲ್ಲರಿಗೂ ತಿಳಿಯುತ್ತದೆ, ಕೂಡಲೇ ಒಂದು ಪ್ರಶ್ನೆಯೂ ಹುಟ್ಟುತ್ತದೆ: "ಕುಡಿಯುತ್ತಿದ್ದರಾ?"

ಭಾವ ಕುಡಿಯುತ್ತಿರಲಿಲ್ಲ. ವಾಸು ಭಾವ ಎಂದರೆ ನನ್ನ ಅಕ್ಕ ಸರೋಜಳ ಗಂಡ, ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಕೆಲಸ ಬಿಟ್ಟ ಮೇಲೂ ವಾರಕ್ಕೊಮ್ಮೆ ಬಸ್ಸು ಹತ್ತಿ ಕಾರ್ಕಳಕ್ಕೆ ಹೋಗಿ ಬರುತ್ತಿದ್ದರು. ಟಿಕೆಟು ಹರಿದ ಕೈ ಸುಮ್ಮನಿರುವುದಿಲ್ಲ ಎಂದು ನಾವು ತಮಾಷೆ ಮಾಡುತ್ತಿದ್ದೆವು. ಉಳಿದ ದಿನ ಬೆಳಿಗ್ಗೆ ನನ್ನ ಅಂಗಡಿಯೆದುರಿನ ಬೆಂಚಿನಲ್ಲಿ ಹಾಜರು. ಆ ಬೆಂಚಿನ ಬಗ್ಗೆ ಹೇಳದಿದ್ದರೆ ನಿಮಗೆ ಮುಂದಿನದು ತಿಳಿಯದು. ಪೇಪರ್ ಓದಲೆಂದು ಅಲ್ಲಿ ಕೂರುವವರು ಪೇಪರ್ ಓದುವುದು ಕಡಿಮೆ. ಯಾರು ಯಾವ ಮಾತ್ರೆ ಕೊಂಡರೆಂದು ನೋಡಿ, ರೋಗವನ್ನೂ ಅದಕ್ಕೆ ಕಾರಣವಾದ ಪಾಪವನ್ನೂ ಅಲ್ಲೇ ತೀರ್ಮಾನಿಸಿಬಿಡುತ್ತಾರೆ. ಹಾಗಾಗಿ ನಮ್ಮ ಕಡೆ ನಾಚಿಕೆಯ ಕಾಯಿಲೆಗೆ ಯಾರೂ ತಮ್ಮ ಊರಿನಲ್ಲಿ ಮದ್ದು ಕೊಳ್ಳುವುದಿಲ್ಲ. ಕಾಪುವಿನವರು ಉಡುಪಿಗೆ ಹೋಗುತ್ತಾರೆ, ಪರ್ಕಳದವರು ನನ್ನಲ್ಲಿಗೆ ಬರುತ್ತಾರೆ. ನನಗೆ ಊರವರಿಗಿಂತ ಪರವೂರವರ ಗುಟ್ಟೇ ಹೆಚ್ಚು ಗೊತ್ತು.

ತೀರಿಕೊಳ್ಳುವ ಎರಡು ವರ್ಷ ಮೊದಲು ಭಾವ ಇದ್ದಕ್ಕಿದ್ದಂತೆ ಉಪ್ಪು ಬಿಟ್ಟರು. ದೇವರಿಗೆ ಹರಕೆ ಎಂದರು. ಎಂತ ಹರಕೆ ಎಂದು ಕೇಳಿದರೆ, ಹೇಳಿದರೆ ಫಲ ಹೋಗುತ್ತದೆ ಎಂದರು. ಹರಕೆಯ ಮುಂದೆ ಮಾತುಂಟೇ? ಅಕ್ಕ ಮಟ್ಟುಗುಳ್ಳ ಬದನೆಯ ಹುಳಿಯನ್ನು ಅವರಿಗೆ ಬೇರೆ ಪಾತ್ರೆಯಲ್ಲಿ ಸಪ್ಪೆ ಮಾಡಿಟ್ಟು, ಇವರಿಗೆ ಇಷ್ಟು ಭಕ್ತಿ ಯಾವಾಗ ಬಂತೆಂದು ಒಳಗೊಳಗೇ ಹಿಗ್ಗಿದಳು. ಕಳೆದ ಮಳೆಗಾಲದಲ್ಲಿ ಭಾವ ರಕ್ತ ಕಾರಿಕೊಂಡರು. ಆಸ್ಪತ್ರೆ ಸೇರುವಾಗಲೇ ಪ್ರಜ್ಞೆ ಇರಲಿಲ್ಲ. ಕೊಬ್ಬು ಸೇರಿ ಶುರುವಾದದ್ದು, ಈಗ ಲಿವರ್ ಪೂರ್ತಿ ಹಾಳಾಗಿದೆ ಎಂದರು ವೈದ್ಯರು. ಮತ್ತೆ ಅವರು ಕಣ್ಣು ತೆರೆಯಲಿಲ್ಲ. ಅಂದಿನಿಂದ ಅಕ್ಕನದು ಒಂದೇ ಮಾತು: "ತಮ್ಮನದೇ ಮೆಡಿಕಲ್ ಉಂಟು. ಆದರೂ ಒಂದು ಮಾತ್ರೆ ಸಹ ಅವರ ಹೊಟ್ಟೆಗೆ ಹೋಗಲಿಲ್ಲ. ನಾನು ಎಂತ ಹೆಂಡತಿ ಮಾರಾಯ?" ಆ ಮಾತು ಕೇಳಿ ಕೇಳಿ ನಾನು ಅವಳ ಮನೆಗೆ ಹೋಗಲು ಹೆದರುವಂತಾಗಿತ್ತು.

ತರಬೇತಿಯಲ್ಲಿ ಪಾಠ ಮಾಡಿದ ವೈದ್ಯೆ ನಮ್ಮನ್ನು ತೂಕಡಿಸಲು ಬಿಡಲಿಲ್ಲ. ನೋವಿನ ಮಾತ್ರೆಯನ್ನು ಕಡಲೆಯ ಹಾಗೆ ಕೊಡಬೇಡಿ, ನಾಟಿ ಮದ್ದು ಏನಾದರೂ ತೆಗೆದುಕೊಳ್ಳುತ್ತಿದ್ದಾರಾ ಎಂದು ಮೆತ್ತಗೆ ವಿಚಾರಿಸಿ, ಹೆಪಟೈಟಿಸ್ ಬಿ ಲಸಿಕೆಯ ಬಗ್ಗೆ ತಿಳಿಸಿ ಎಂದರು. ಮುಖ್ಯವಾಗಿ, ಕುಡಿಯುತ್ತೀರಾ ಎಂಬುದು ನಿಮ್ಮ ಮೊದಲ ಪ್ರಶ್ನೆಯಾಗದಿರಲಿ, ಅದಕ್ಕೆ ಹೆದರಿಯೇ ಎಷ್ಟೋ ಮಂದಿ ಅಡಗಿಕೊಳ್ಳುತ್ತಾರೆ ಎಂದರು. ಆಮೇಲೆ ಉಪ್ಪಿನ ಮಾತು ಬಂತು. ಹೊಟ್ಟೆಯಲ್ಲಿ ನೀರು ತುಂಬುವವರಿಗೆ ಉಪ್ಪು ಕಡಿಮೆ ಮಾಡಲು ಹೇಳುತ್ತೇವಲ್ಲ, ಮನೆಯಲ್ಲಿ ಅವರು ಹೇಗೆ ನಿಭಾಯಿಸುತ್ತಾರೆ ಎಂದು ಕೇಳಿದಾಗ, ಮುಂದಿನ ಸಾಲಿನಲ್ಲಿದ್ದ ಕಾರ್ಕಳದ ಪ್ರಮೀಳಾ ಎಂಬ ಫಾರ್ಮಸಿಸ್ಟ್ ಎದ್ದು ನಿಂತರು.

"ನಮ್ಮಲ್ಲಿಗೆ ದೂರದಿಂದ ಒಬ್ಬರು ಬರುತ್ತಿದ್ದರು ಮೇಡಂ. ಗೊತ್ತಾದರೆ ಮನೆಯವರು ಹೆದರುತ್ತಾರೆ, ಊರವರು ಕುಡುಕ ಅಂತಾರೆ ಅಂತ, ಉಪ್ಪು ಬಿಟ್ಟದ್ದು ದೇವರ ಹರಕೆಗೆ ಅಂತ ಹೇಳಿದ್ದರಂತೆ!"

ಸಭೆ ಗೊಳ್ಳೆಂದು ನಕ್ಕಿತು. ನನಗೆ ಮಾತ್ರ ಅಷ್ಟು ಜನರ ನಡುವೆ ಜೋರಾಗಿ ಅಳಬೇಕೆನಿಸಿತು.

ಊಟದ ಹೊತ್ತಿಗೆ ತಟ್ಟೆ ಹಿಡಿದುಕೊಂಡು ಅವರ ಬಳಿ ಹೋಗಿ, "ಅವರು ಕಂಡಕ್ಟರಾಗಿದ್ದವರಾ?" ಎಂದು ಕೇಳಿದೆ. ಗಿರಾಕಿಯ ಗುಟ್ಟು ಹೊರಬಿತ್ತಲ್ಲ ಎಂದು ಪ್ರಮೀಳಾ ಗಾಬರಿಯಾದರು.

"ಅವರು ನನ್ನ ಭಾವ. ಈಗ ಇಲ್ಲ" ಎಂದೆ.

ಅವರ ಕೈಯ ತುತ್ತು ತಟ್ಟೆಗೆ ಮರಳಿತು. "ಅದಕ್ಕೇ ಬರುತ್ತಿರಲಿಲ್ಲ ಅಲ್ವಾ? ಕಾಪು ಬಸ್ಸು ಬಂದಾಗೆಲ್ಲ ಬಾಗಿಲ ಕಡೆ ನೋಡುತ್ತಿದ್ದೆ ಸರ್."

ಭಾವ ಕಾರ್ಕಳದ ವೈದ್ಯರ ಚೀಟಿ ತಂದು ಒಂದು ವಾರವೂ ತಪ್ಪದೆ ಮದ್ದು ಕೊಳ್ಳುತ್ತಿದ್ದರಂತೆ. ಗೊತ್ತಾಗುವಷ್ಟರಲ್ಲಿ ಕಾಯಿಲೆ ಕೈಮೀರಿತ್ತು, ಆದರೂ ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಪಾಲಿಸುತ್ತಿದ್ದರಂತೆ. ತಿಂಗಳಿನದ್ದು ಒಟ್ಟಿಗೇ ಕೊಂಡುಹೋಗಿ ಎಂದರೆ, "ಇಡಲಿಕ್ಕೆ ಜಾಗ ಇಲ್ಲ ಮಗಾ, ನನ್ನ ಹೆಂಡತಿ ದಿನಾ ಮೂಲೆ ಮೂಲೆ ಗುಡಿಸುತ್ತಾಳೆ" ಎಂದು ನಗುತ್ತಿದ್ದರಂತೆ.

ಸಂಜೆ ನೆಟ್ಟಗೆ ಅಕ್ಕನ ಮನೆಗೆ ಹೋದೆ. ಮದ್ದಿಲ್ಲದೆ ಹೋದರೆಂಬ ಅವಳ ಕೊರಗು ಇಂದಿಗೆ ಮುಗಿಯಿತೆಂದು ನನ್ನ ಲೆಕ್ಕ. ಭಾವ ಯಾವ ಮಾತ್ರೆ ತಿನ್ನುತ್ತಿದ್ದರು, ಅದು ನೀರನ್ನು ಹೇಗೆ ಇಳಿಸುತ್ತದೆ ಎಂದು ಅಂದು ಕಲಿತದ್ದನ್ನೆಲ್ಲ ಶಾಲೆಯ ಹುಡುಗನ ಹಾಗೆ ಒಪ್ಪಿಸಿದೆ. ಅಕ್ಕನಿಗೆ ಸಮಾಧಾನವಾಗಲಿಲ್ಲ, ಸಿಟ್ಟು ಬಂತು.

"ಎರಡು ವರ್ಷ! ಕಾರ್ಕಳದ ಯಾರೋ ಹೆಂಗಸಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ!"

ಮನೆಯವರು ನೊಂದುಕೊಳ್ಳಬಾರದೆಂದು ಕಾಯಿಲೆ ಬಚ್ಚಿಡುವವರು ಅದನ್ನು ಪ್ರೀತಿ ಎಂದೇ ತಿಳಿದಿರುತ್ತಾರೆ. ಉಳಿದುಹೋದವರನ್ನು ಹೊರಗೆ ನಿಲ್ಲಿಸಿ ಬಾಗಿಲು ಹಾಕಿದಂತಾಯಿತೆಂದು ಅವರಿಗೆ ಹೇಳುವವರು ಯಾರು?

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, "ನಾಳೆ ನನ್ನನ್ನು ಕಾರ್ಕಳಕ್ಕೆ ಕರಕೊಂಡು ಹೋಗ್ತೀಯಾ?" ಎಂದು ಕೇಳಿದಳು.

"ಮದ್ದಿನ ಚೀಟಿ ನೋಡಬೇಕಾ ಅಕ್ಕ?"

"ಮದ್ದು ಎಂತಕ್ಕೆ ಇನ್ನು? ಆ ಎರಡು ವರ್ಷ ನನ್ನ ಹತ್ತಿರ ಮಾತೇ ಕಡಿಮೆ ಮಾಡಿದ್ದರು. ಅವಳ ಹತ್ತಿರ ಎಂತೆಲ್ಲ ಮಾತಾಡಿದ್ದಾರೆ ಅಂತ ಕೇಳಿಕೊಂಡು ಬರ್ತೇನೆ."