ಲಾಭ ಮತ್ತು ಹತ್ತು ಸಾವಿರದ ಏಳು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಎಣಿಕೆ ಒಂದರಿಂದ ಶುರುವಾಗುತ್ತಿರಲಿಲ್ಲ. ಅಪ್ಪ ಬೈಲಹೊಂಗಲದ ಪೇಟೆಯಲ್ಲಿ ಜೋಳ ಅಳೆಯುವವನು. ಮೊದಲ ಸೇರಿಗೆ ‘ಒಂದು’ ಅನ್ನದೆ, ಶುಭವಾಗಲೆಂದು ‘ಲಾಭ’ ಅನ್ನುತ್ತಿದ್ದ. ಲಾಭ, ಎರಡು, ಮೂರು ಎಂದು ರಾಗವಾಗಿ ಎಣಿಸುವ ಆ ದನಿ, ಅವನ ಅಂಗಿಯ ಜೋಳದ ಧೂಳಿನ ವಾಸನೆ, ಇವೆರಡೂ ಇಲ್ಲದೆ ನನಗೆ ಸಂಜೆಯೇ ಆಗುತ್ತಿರಲಿಲ್ಲ.

ಒಂದು ದಿನ ಮಾಸ್ತರು ಹಲಗೆಯ ಮೇಲೆ 10007 ಎಂದು ಬರೆದು, ಶೇಷ ಉಳಿಯದಂತೆ ಅದನ್ನು ಭಾಗಿಸುವ ಸಂಖ್ಯೆಗಳು ಯಾವುವು ಎಂದು ಕೇಳಿದರು. ಎರಡು, ಮೂರು, ಐದು, ಏಳು ಎಲ್ಲವೂ ಸೋತವು. ನಾನು ದೊಡ್ಡ ಜಾಣೆಯಂತೆ ಎದ್ದು ನಿಂತೆ.

“ಲಾಭ, ಮತ್ತ ಅದ ಸಂಖ್ಯೆ. ಎರಡ ಅದಾವ್ರಿ ಸರ.”

ಇಡೀ ವರ್ಗ ಬಿದ್ದು ಬಿದ್ದು ನಕ್ಕಿತು. ಮಾಸ್ತರರೂ ನಗು ತಡೆದುಕೊಂಡು, “ಖರೆ ಐತೋ ಇಲ್ಲೋ, ಮನ್ಯಾಗ ಭಾಗಿಸಿ ನೋಡ್ಕೊಂಡ ಬಾ” ಅಂದರು. ದಾರಿಯುದ್ದಕ್ಕೂ ಗೆಳತಿಯರು ನನ್ನನ್ನು ‘ಲಾಭವ್ವ’ ಎಂದು ಕಾಡಿದರು.

ಸಂಜೆ ಆ ಸಿಟ್ಟನ್ನೆಲ್ಲ ಅಪ್ಪನ ಮೇಲೆ ತೀರಿಸಿಕೊಂಡೆ. “ನಿನ್ನ ಸಲವಾಗಿ ಎಲ್ಲಾರೂ ನಕ್ಕರು. ಒಂದು ಅನ್ನಾಕ ನಿನಗೇನ ಧಾಡಿ?”

ಅಪ್ಪ ಕೈಕಾಲು ತೊಳೆದು, ಗಿರಣಿಗೆ ಕೊಡುವ ಜೋಳ ಅಳೆಯಲು ಕೂತ. ಸೇರು ತುಂಬಿ ಮೆಲ್ಲಗೆ “ಒಂದು” ಅಂದ. ಕೈ ಅಲ್ಲೇ ನಿಂತಿತು. ಎಣಿಕೆ ತಪ್ಪಿತು. ಜೋಳವನ್ನು ಚೀಲಕ್ಕೆ ಸುರಿದು ಮತ್ತೆ ಶುರುಮಾಡಿದ, ಮತ್ತೆ “ಒಂದು” ಅಂದ. ಅವನ ರಾಗ ಹೋಗಿಬಿಟ್ಟಿತ್ತು. ನನಗೆ ಆಡಿದ ಮಾತನ್ನು ಹೇಗೆ ಹಿಂದಕ್ಕೆ ತೆಗೆದುಕೊಳ್ಳಬೇಕೋ ತಿಳಿಯಲಿಲ್ಲ.

ಅಕ್ಕ ನನ್ನ ಮುಖ ನೋಡಿ ಪಾಟಿ, ಬಳಪ ತಂದಳು. “ಮದಲ ನಿನ್ನ ಉತ್ತರ ನೋಡೂಣು. ನೂರರ ಒಳಗಿನವು ಸಾಕು. ಭಾಗಿಸೂ ಸಂಖ್ಯೆ, ಬರೂ ಉತ್ತರ ಎರಡೂ ನೂರು ದಾಟಿದ್ರ ಅವುಗಳ ಗುಣಾಕಾರ ಇದನ್ನ ಮೀರತೈತಿ.”

ಬರೆದೆವು, ಅಳಿಸಿದೆವು. ಇಪ್ಪತ್ಮೂರರಿಂದ ಭಾಗಿಸಿದರೆ ಎರಡು ಉಳಿಯಿತು, ಇಪ್ಪತ್ತೊಂಬತ್ತರಿಂದಲೂ ಎರಡೇ. ಕೊನೆಗೆ ಉಳಿದಿದ್ದ ತೊಂಬತ್ತೇಳರಿಂದ ಭಾಗಿಸಿದಾಗ ಹದಿನಾರು ಉಳಿಯಿತು. ಬಳಪದ ಪುಡಿಯ ಕೈಯಲ್ಲೇ ಅಪ್ಪನ ಹತ್ತಿರ ಓಡಿದೆ.

“ಅಪ್ಪಾ, ನಂದು ಖರೆ ಐತಿ. ಇದು ಯಾರಿಗೂ ಬಗ್ಗಂಗಿಲ್ಲ, ಲಾಭಕ್ಕಷ್ಟ ಬಗ್ಗತೈತಿ. ನೀ ಲಾಭ ಅಂತನ ಎಣಸು.”

ಅಪ್ಪ ಪಾಟಿಯನ್ನು ಬಹಳ ಹೊತ್ತು ನೋಡಿದ. ಅವನಿಗೆ ಓದಲು ಬರುತ್ತಿರಲಿಲ್ಲ. “ಇಷ್ಟ ದೊಡ್ಡದಕ್ಕೂ ಲಾಭ ಒಂದ ಸಾಕಾತೇನ?” ಎಂದು ನಕ್ಕು, ಸೇರು ತುಂಬಿ ಹಳೆಯ ರಾಗದಲ್ಲಿ “ಲಾಭ” ಅಂದ. ನಾನು ಅತ್ತುಬಿಟ್ಟೆ.

ಮೊಮ್ಮಕ್ಕಳೇ, ನಿಮ್ಮ ಫೋನು ಕಣ್ಣು ಮಿಟುಕಿಸುವುದರೊಳಗೆ ಹೇಳುತ್ತದೆ, 10007 ಅವಿಭಾಜ್ಯ ಸಂಖ್ಯೆ ಎಂದು. ನಮಗೆ ಅದಕ್ಕೊಂದು ಸಂಜೆ ಬೇಕಾಯಿತು. ನಿನ್ನೆ ಅನ್ನಕ್ಕೆ ಅಕ್ಕಿ ಅಳೆಯುವಾಗ ನಾನು ‘ಲಾಭ’ ಅಂದದ್ದಕ್ಕೆ ನೀವೆಲ್ಲ ನಕ್ಕಿರಿ. ಆಮೇಲೆ ನಿಮ್ಮಲ್ಲಿ ಎಲ್ಲರಿಗಿಂತ ಸಣ್ಣವಳು, ನನ್ನ ಅಪ್ಪನನ್ನು ಕಂಡೇ ಇರದವಳು, ಲೋಟ ಕಸಿದುಕೊಂಡು ಅಕ್ಕಿ ತುಂಬಿ, ಅದೇ ರಾಗದಲ್ಲಿ “ಲಾಭ” ಅಂದಳು.