ಬೀದಿಯ ಬೀಗದಕೈಯೆಲ್ಲ ನಮ್ಮತ್ತೆಯ ಬಳಿ

ಅತ್ತೆಯನ್ನು ಹೊಗಳುವ ಸೊಸೆಯನ್ನು ನೀವು ಹೆಚ್ಚು ನೋಡಿರಲಿಕ್ಕಿಲ್ಲ. ನಾನೂ ಸುಮ್ಮಸುಮ್ಮನೆ ಹೊಗಳುವವಳಲ್ಲ. ಹುಡುಗಿಯರ ಹಾಸ್ಟೆಲಿನಲ್ಲಿ ವಾರ್ಡನ್ ಆಗಿ ನಿವೃತ್ತರಾದ ನಮ್ಮತ್ತೆ ಮನೆಯಲ್ಲೂ ವಾರ್ಡನ್ನೇ. ಲೋಟ ತೊಳೆದು ಬೋರಲು ಹಾಕದಿದ್ದರೆ ನನ್ನ ಗಂಡನಿಗೆ ಈ ವಯಸ್ಸಿನಲ್ಲೂ ಬೈಗುಳ ತಪ್ಪಿದ್ದಲ್ಲ. ಬೀದಿಯವರಿಗೆ ಮಾತ್ರ ಅವರು ದೇವರಂಥವರು. 'ಮನೆಗೆ ಮಾರಿ, ಊರಿಗೆ ಉಪಕಾರಿ' ಎಂದು ನಾನು ಎಷ್ಟೋ ಸಲ ಗೊಣಗಿದ್ದೇನೆ, ಅವರಿಗೆ ಕೇಳಿಸುವಷ್ಟು ಗಟ್ಟಿಯಾಗಿಯೇ.

ಬೀದಿಯ ನಿವಾಸಿಗಳ ಸಂಘದಲ್ಲಿ ಅವರಿಗೆ ಪದವಿಯೇನೂ ಇಲ್ಲ, ಕೆಲಸ ಮಾತ್ರ ಇದೆ. ಬೇಸಿಗೆ ಬಂತೆಂದರೆ ಮಧ್ಯಾಹ್ನ ಕರೆಂಟು ಹೋಗುತ್ತದೆ. ಎಲ್ಲರೂ ಕೆಲಸಕ್ಕೆ ಹೋದ ಮನೆಗಳಲ್ಲಿ ಕಿಟಕಿ ಮುಚ್ಚಿ, ಫ್ಯಾನು ಹಾಕಿ, ನಾಯಿಯನ್ನೋ ಬೆಕ್ಕನ್ನೋ ಒಳಗೆ ಬಿಟ್ಟಿರುತ್ತಾರೆ. ಫ್ಯಾನು ನಿಂತರೆ ಆ ಕೋಣೆ ಒಲೆಯೇ. ಹಾಗಾಗಿ ಅವರೆಲ್ಲ ಇನ್ನೊಂದು ಬೀಗದಕೈಯನ್ನು ನಮ್ಮತ್ತೆಗೆ ಕೊಟ್ಟಿದ್ದಾರೆ. ಕರೆಂಟು ಹೋದ ತಕ್ಷಣ ಅತ್ತೆ ಗೊಂಚಲು ಹಿಡಿದು ಹೊರಡುತ್ತಾರೆ, ಹಿಂದೆ ಬಕೆಟ್ಟು ಹೊತ್ತು ನಾನು. ಕಿಟಕಿ ತೆಗೆಯುತ್ತೇವೆ, ನೀರು ಬದಲಿಸುತ್ತೇವೆ, ಮುದಿ ಪ್ರಾಣಿಗಳನ್ನು ನಮ್ಮ ಮನೆಯ ತಣ್ಣನೆಯ ನಡುಮನೆಗೆ ತರುತ್ತೇವೆ. ಕೆಲವು ಮಧ್ಯಾಹ್ನ ಅಲ್ಲಿ ನನಗೇ ಕಾಲಿಡಲು ಜಾಗವಿರುವುದಿಲ್ಲ. ಅತ್ತೆಯದು ಒಂದೇ ನಿಯಮ: ಮನೆಯವರು ತಾವಾಗಿ ಬೀಗದಕೈ ಕೊಡದೆ ಯಾರ ಹೊಸ್ತಿಲನ್ನೂ ದಾಟುವುದಿಲ್ಲ. ಆ ನಂಬಿಕೆ ಹೋದರೆ ಈ ಕೆಲಸವೇ ಹೋಯಿತು ಎನ್ನುತ್ತಾರೆ.

ಎದುರು ಕಟ್ಟಡದ ಮೇಲಿನ ಮಹಡಿಗೆ ಹೊಸದಾಗಿ ಬಂದ ಮೇಷ್ಟ್ರು ಮಾತ್ರ ಕೊಡಲಿಲ್ಲ. ಹಿಂದೆ ಇದ್ದಲ್ಲಿ ಪರಿಚಯದವರೇ ಅವರ ಮನೆ ದೋಚಿದ್ದರಂತೆ. ಒಂಟಿ ಮನುಷ್ಯ. ಜೊತೆಗಿದ್ದದ್ದು ಚಪ್ಪಟೆ ಮೂತಿಯ, ಉಸಿರಾಡಿದರೆ ಗೊರಕೆ ಹೊಡೆದಂತೆ ಕೇಳಿಸುವ ಒಂದು ಮುದಿ ನಾಯಿ. ಅತ್ತೆ ಎರಡನೆಯ ಸಲ ಕೇಳಲಿಲ್ಲ.

ಆ ದಿನ ಕರೆಂಟು ಹೋಗಿ ಬಹಳ ಹೊತ್ತಾಗಿತ್ತು. ಅದೇ ಕಟ್ಟಡದಲ್ಲಿ ಇನ್ನೊಂದು ಮನೆಯ ಕೆಲಸ ಮುಗಿಸಿ ಇಳಿಯುವಾಗ ಮೇಷ್ಟ್ರ ಬಾಗಿಲ ಹಿಂದೆ ಉಗುರಿನಿಂದ ಕೆರೆಯುವ ಸದ್ದು ಕೇಳಿತು. ಫೋನ್ ಮಾಡಿದೆವು. ಪರೀಕ್ಷೆಯ ಕೋಣೆಯಲ್ಲಿದ್ದವರ ಫೋನು ಆಫ್. ಶಾಲೆಯ ಕಚೇರಿಯಲ್ಲೂ ಯಾರೂ ಎತ್ತಲಿಲ್ಲ. ಅಷ್ಟರಲ್ಲಿ ಕೆರೆಯುವ ಸದ್ದು ನಿಂತಿತು. ಅತ್ತೆ ಬಾಗಿಲಿಗೆ ಕಿವಿಯಿಟ್ಟರು. ಅವರ ಮುಖ ಬಿಳಿಚಿಕೊಂಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಬಡಗೀನ ಕರ್ಕೊಂಡು ಬಾ," ಎಂದರು.

ಬಡಗಿ ಹಾರೆ ಹಿಡಿದುಕೊಂಡು ಹಿಂದೆಮುಂದೆ ನೋಡಿದ. ನಾಳೆ ಇದಕ್ಕೆ ಜವಾಬ್ದಾರಿ ಯಾರು ಎಂದು ಕೇಳಿದ.

"ನಾನು. ನೀನು ಒಡಿಯಪ್ಪ," ಎಂದರು ಅತ್ತೆ.

ಹಳೆಯ ಬಾಗಿಲು ಚೌಕಟ್ಟಿನ ಸಮೇತ ಸೀಳಿಕೊಂಡು ಬಂತು. ನಾಯಿ ನಾಲಿಗೆ ಚಾಚಿ ಅಲ್ಲೇ ಬಿದ್ದಿತ್ತು. ನಾನು ಐಸು ತರಲು ಓಡುವವಳಿದ್ದೆ. ಅತ್ತೆ ತಡೆದು, ಬರೀ ತಣ್ಣೀರನ್ನೇ ಅದರ ಹೊಟ್ಟೆಗೆ, ಪಾದಕ್ಕೆ ಸುರಿಯುತ್ತ ರಟ್ಟಿನಿಂದ ಗಾಳಿ ಬೀಸಿದರು. ಅದು ಕಣ್ಣು ಬಿಟ್ಟ ಕೂಡಲೇ ನನ್ನ ತೋಳಿಗೆ ಹಾಕಿ ಪ್ರಾಣಿಗಳ ಡಾಕ್ಟರ ಬಳಿ ಓಡಿಸಿದರು. ತಾವು ಬರಲಿಲ್ಲ. ಬಾಗಿಲಿಲ್ಲದ ಮನೆಯನ್ನು ಹಾಗೇ ಬಿಟ್ಟು ಬರುವುದು ಹೇಗೆ? ಹೊಸ್ತಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂತುಬಿಟ್ಟರು.

ಚೇತರಿಸಿಕೊಂಡ ನಾಯಿಯನ್ನು ಎತ್ತಿಕೊಂಡು ನಾನು ವಾಪಸಾದಾಗ ಮೇಷ್ಟ್ರು ಬಂದು ಕೂಗಾಡುತ್ತಿದ್ದರು. ಬೀಗದಕೈ ಕೊಡದವನ ಬಾಗಿಲು ಒಡೆಯಲು ನೀವು ಯಾರು ಎಂಬುದು ಅವರ ಪ್ರಶ್ನೆ. ಅತ್ತೆ ಎದ್ದು ಕುರ್ಚಿಯನ್ನು ಬದಿಗೆ ಸರಿಸಿ ಅವರಿಗೆ ದಾರಿ ಬಿಟ್ಟರು. ನನಗೆ ಮೈಯೆಲ್ಲ ಉರಿಯಿತು. ನಾಯಿಯನ್ನು ಅವರ ಕೈಗೆ ಹಾಕಿ, ಇನ್ನು ಸ್ವಲ್ಪ ತಡವಾಗಿದ್ದರೂ ಇದು ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಹೇಳಿದೆ. ಅವರು ನಾಯಿಯನ್ನು ಎದೆಗವಚಿಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕೂತರು.

ವಿಷಯ ಅಲ್ಲಿಗೇ ಮುಗಿಯಬಹುದಿತ್ತು. ಅತ್ತೆ ಬಿಡಬೇಕಲ್ಲ. ಸಂಜೆ ಸಂಘದ ಕೋಣೆಗೆ ಎಲ್ಲರನ್ನೂ ಕರೆಸಿ ಗೊಂಚಲನ್ನು ಮೇಜಿನ ಮೇಲಿಟ್ಟರು.

"ಕೀ ಕೊಡದೇ ಇರೋರ ಮನೆಯೊಳಗೆ ಇವತ್ತು ಹೋಗಿದ್ದೀನಿ. ನನ್ನ ಮೇಲೆ ನಂಬಿಕೆ ಇಲ್ಲ ಅನ್ನೋರು ನಿಮ್ಮ ನಿಮ್ಮ ಕೀ ತಗೊಂಡು ಹೋಗಿ. ಬೇಜಾರಿಲ್ಲ."

ಬೇಜಾರಿಲ್ಲ ಎಂದವರು ಗೊಂಚಲಿನ ಮೇಲಿಂದ ಕೈ ಮಾತ್ರ ತೆಗೆದಿರಲಿಲ್ಲ. ಹಾಸ್ಟೆಲು ಬಿಟ್ಟ ಮೇಲೆ ಅವರನ್ನು ಬೆಳಿಗ್ಗೆ ಎಬ್ಬಿಸುತ್ತಿದ್ದದ್ದು ಈ ಕೆಲಸವೇ. ಅದು ಹೋದರೆ ಅವರು ಕುಗ್ಗಿಹೋಗುತ್ತಾರೆಂದು ನನಗೆ ಗೊತ್ತಿತ್ತು.

ಯಾರೂ ಏಳಲಿಲ್ಲ. ಆಮೇಲೆ ಮೂಲೆಯಲ್ಲಿ ನಾಯಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಮೇಷ್ಟ್ರು ಎದ್ದರು. ಇನ್ನೂ ಏನು ಬಾಕಿ ಇದೆ ಇವರದು ಎಂದು ನಾನು ಸೆರಗು ಸಿಕ್ಕಿಸಿದೆ.

"ಹೊಸ ಬಾಗಿಲಿಗೆ ಎರಡು ದಿನ ಬೇಕಂತೆ. ನಾಳೇನೂ ನನಗೆ ಪರೀಕ್ಷೆ ಡ್ಯೂಟಿ. ಮನೇಲಿ ಇವನೊಬ್ಬನೇ ಇರ್ತಾನೆ," ಎಂದು ತಡವರಿಸಿದರು. "ನೀವು ಬಂದು ಇರ್ತೀರಾ, ಅಮ್ಮ?"

ಅತ್ತೆ ಹೂಂ ಎಂದು ತಲೆಯಾಡಿಸಿದರು. ಇವರು ನನ್ನ ಅತ್ತೆ ಎಂದು ನನಗೆ ಎದೆಯುಬ್ಬಿತು.

ಮರುದಿನ ಬೆಳಿಗ್ಗೆ ಅತ್ತೆಯ ಜೊತೆ ನಾನೂ ಹೋದೆ. ನಾಯಿಯ ನೀರಿನ ಬಟ್ಟಲು ಎಲ್ಲಿದೆ ಎಂದು ಮೇಷ್ಟ್ರು ತೋರಿಸಿದರು. ಬೀಗದಕೈ ಕೊಡಲು ಹೆದರಿದ್ದ ಮನುಷ್ಯ, ಬಾಗಿಲೇ ಇಲ್ಲದ ಮನೆಯನ್ನು ಅತ್ತೆಯ ಕೈಯಲ್ಲಿ ಬಿಟ್ಟು, ತಿರುಗಿಯೂ ನೋಡದೆ ಮೆಟ್ಟಿಲಿಳಿದು ಹೋದರು.